ರೇಸ್ ಇಳಿಯದ ಕಾರು

"ರೇಸ್ ಕೊಡಿ ಭಾವ," ಎಂದ ಮೆಕ್ಯಾನಿಕ್, ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ. ಇಂಜಿನ್ ಭೋರ್ಗರೆಯಿತು. "ಬಿಡಿ."

ಸದ್ದು ಇಳಿಯಲಿಲ್ಲ. ಬೇರೆ ಕಾರಾಗಿದ್ದರೆ ಪೆಡಲ್ ಬಿಟ್ಟ ಕೂಡಲೇ ತೆಪ್ಪಗಾಗುತ್ತಿತ್ತು. ಇದು ಮುನಿಸಿಕೊಂಡ ನೆಂಟನ ಹಾಗೆ ಗೊಣಗಿ ಗೊಣಗಿ, ತನಗೆ ಬೇಕೆನಿಸಿದಾಗ ತಣ್ಣಗಾಯಿತು.

"ಕೇಳಿದ್ಯಾ? ಇದನ್ನೇ ನಾನು ಬಡ್ಕೊಂಡಿದ್ದು," ಎಂದು ಡ್ರೈವರ್ ಸೀಟಿನಿಂದ ಭಾವ ಕೂಗಿದರು. "ನಿನ್ನ ಕೈಗೆ ಬಂದ್ರೆ ಸಾಧು, ನನ್ನ ಹತ್ರ ಪುಂಡಾಟ."

ಭಾವ ಎಂದರೆ ಅವನ ಅಕ್ಕನ ಗಂಡ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಊರಿನ ಅರ್ಧ ಜನ ಕಾರು ಓಡಿಸಲು ಕಲಿತದ್ದು ಅವರ ಬೈಗುಳ ತಿಂದೇ. ಮೆಕ್ಯಾನಿಕ್ಕೂ ಅವರಲ್ಲೊಬ್ಬ. "ಪೆಡಲ್ ಕೆಳಗೆ ಕೋಳಿಮೊಟ್ಟೆ ಇದೆ ಅಂದ್ಕೊಂಡು ಒತ್ತೋ ಕತ್ತೆ," ಎಂದು ಎಷ್ಟು ಸಲ ತಲೆಗೆ ಮೊಟಕಿದ್ದರೋ. ಸ್ವತಃ ಅವರು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಓಡಿಸುವವರು. ಇಂಜಿನ್ನಿನ ನಾಡಿ ಅಂಗಾಲಿಗೆ ಸಿಗಬೇಕು ಎನ್ನುವುದು ಅವರ ವಾದ. ಆ ಕಾಲಿನ ಬಗ್ಗೆ ಅವರಿಗೆ ಭಾರೀ ಜಂಬ, ಆದರೆ ಬರೀ ಒಣ ಜಂಬವಲ್ಲ. ಅವರು ಗೇರ್ ಬದಲಿಸಿದರೆ ಹಿಂದೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೇ ಮೆಕ್ಯಾನಿಕ್ ಇಷ್ಟು ದಿನ ಕಾರನ್ನೇ ಗುಮಾನಿಯಿಂದ ನೋಡಿದ್ದ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ತೊಳೆದ. ಎಲ್ಲಾದರೂ ಗಾಳಿ ಒಳನುಗ್ಗುತ್ತಿದೆಯೇ ಎಂದು ಪ್ರತಿ ಪೈಪಿಗೂ ಕಿವಿಗೊಟ್ಟ. ಪೆಡಲ್ಲಿನಿಂದ ಥ್ರಾಟಲ್ಲಿಗೆ ಹೋಗುವ ಕೇಬಲ್ಲನ್ನೂ ಸ್ಪ್ರಿಂಗನ್ನೂ ಹೊಸದಾಗಿ ಹಾಕಿದ. ತಾನೇ ಓಡಿಸಿ ನೋಡಿದರೆ ಒಂದು ತಕರಾರೂ ಇಲ್ಲ. ಭಾವನ ಕೈಗೆ ಕೊಟ್ಟರೆ ಮತ್ತೆ ಅದೇ ರಾಗ. ಕಡೆಗೆ ಇವತ್ತು, ನೀವೇ ಕೂತು ತೋರಿಸಿ ಎಂದು ಹೇಳಿಕಳಿಸಿದ್ದ. ಜೊತೆಗೆ ಅಕ್ಕನೂ ಬಂದಿದ್ದಳು.

"ಬೇಗ ಕಂಡುಹಿಡಿಯೋ," ಎಂದಳು ಅಕ್ಕ, ಹಳೇ ಟೈರುಗಳ ಮೇಲೆ ಕೂತು. "ಮೊನ್ನೆ ರಸ್ತೆ ದಾಟ್ತಿದ್ದ ಒಬ್ಬ ಅಜ್ಜನ ಊರುಗೋಲಿಗೆ ತಾಗಿ ನಿಲ್ತು ಕಾರು. ನನ್ನ ಜೀವ ಬಾಯಿಗೆ ಬಂದಿತ್ತು."

"ನಾನು ಕಾಲು ತೆಗೆದಿದ್ದೆ ಕಣೇ. ಇಂಜಿನ್ ನೂಕ್ತು."

"ಇವರಿಗೋ ಮೈಮೇಲೆ ಎಚ್ಚರವೇ ಇರಲ್ಲ. ಬೆಳಿಗ್ಗೆ ಒಂದು ಚಪ್ಪಲಿ ಗೇಟಿನ ಹತ್ರಾನೇ ಕಳಚಿ ಬಿದ್ದಿದೆ, ಬೀದಿ ಕೊನೇತನಕ ಒಂದೇ ಚಪ್ಪಲೀಲಿ ಹೋಗಿದಾರೆ. ಪಕ್ಕದ್ಮನೆಯವಳು ಎತ್ಕೊಂಡು ಹಿಂದೆ ಓಡಿದ್ಲು."

"ಮೇಷ್ಟ್ರ ತಲೇಲಿ ನೂರೆಂಟು ಇರುತ್ತೆ," ಎಂದರು ಭಾವ. ಮೂವರೂ ನಕ್ಕರು. "ಅದಿರಲಿ, ನಾಳೆಯಿಂದ ಹೊಸ ಬ್ಯಾಚು ಮಾರಾಯ. ಎಲ್ಲ ಎಳೇ ಹುಡುಗಿಯರು. ಮೊದಲ ದಿನ ಕೂರಿಸ್ಕೊಂಡು ಮಾರ್ಕೆಟ್ ರಸ್ತೇಲಿ ನಾನೇ ಓಡಿಸಿ ತೋರಿಸಬೇಕು. ಕಾರು ಇವತ್ತೇ ಬೇಕು."

"ಹಾಗಾದ್ರೆ ಮತ್ತೆ ಕೊಡಿ. ಹೂಂ, ಬಿಡಿ."

ಈ ಸಲ ಅವನು ಸದ್ದಿಗೆ ಕಿವಿಗೊಡದೆ ಕೇಬಲ್ಲಿನ ಮೇಲೆ ಬೆರಳಿಟ್ಟ. ಥ್ರಾಟಲ್ ಕಚ್ಚಿಕೊಂಡಿದ್ದರೆ ಕೇಬಲ್ ಸಡಿಲವಾಗಿ ಜೋತುಬೀಳಬೇಕಿತ್ತು. ಅದು ಬಿಗಿಯಾಗಿಯೇ ಇತ್ತು. ಅಂದರೆ ಆಚೆ ತುದಿಯಲ್ಲಿ ಪೆಡಲ್ಲೇ ಎಳೆದು ಹಿಡಿದಿದೆ! ಪೆಡಲ್ಲಿನ ಕೀಲಿಗೆ ತುಕ್ಕು ಹಿಡಿದಿರಬೇಕು. ಎರಡು ಹನಿ ಎಣ್ಣೆಯ ಕೆಲಸಕ್ಕೆ ಇಷ್ಟು ದಿನ ಒದ್ದಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ, ಟಾರ್ಚು ಹಿಡಿದು ಬಂದು ಡ್ರೈವರ್ ಬಾಗಿಲ ಬಳಿ ಮಂಡಿಯೂರಿದ.

"ಇನ್ನೊಂದ್ಸಲ ಕೊಟ್ಟು ಬಿಡಿ ಭಾವ."

ಇಂಜಿನ್ ಏರಿತು. "ಬಿಟ್ಟೆ," ಎಂದರು ಭಾವ.

ಟಾರ್ಚಿನ ಬೆಳಕಿನಲ್ಲಿ ಪೆಡಲ್ ಕಾಣಿಸಿತು. ಅದರ ಮೇಲೆ ಭಾವನ ಬಲಗಾಲು ಇನ್ನೂ ಇತ್ತು.

"ಪೂರ್ತಿ ತೆಗೀರಿ."

"ತೆಗೆದಾಯ್ತಲ್ಲೋ! ಕಾಲು ನೆಲದ ಮೇಲಿದೆ, ಇನ್ನೆಲ್ಲಿಗೆ ತೆಗೀಲಿ?"

ತಮಾಷೆ ಮಾಡುತ್ತಿರಬೇಕು ಎಂದುಕೊಂಡು ಅವನು ತಲೆಯೆತ್ತಿ ನೋಡಿದ. ಭಾವ ಮೀಟರಿನ ಮುಳ್ಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಮುಖದಲ್ಲಿ ನಿಜವಾದ ಸಿಟ್ಟಿತ್ತು. ಅವನು ಜೇಬಿನಿಂದ ತಣ್ಣನೆಯ ಸ್ಪ್ಯಾನರ್ ತೆಗೆದು ಅವರ ಹೆಬ್ಬೆರಳಿಗೆ ತಾಗಿಸಿದ. ಆಮೇಲೆ ಒತ್ತಿದ. ಇನ್ನಷ್ಟು ಜೋರಾಗಿ ಒತ್ತಿದ.

"ಇಳೀತಾ ಇಲ್ಲ ನೋಡು, ಹಟಮಾರಿ," ಎಂದರು ಭಾವ, ಮೀಟರಿನಿಂದ ಕಣ್ಣು ಕೀಳದೆ.

ಮೆಕ್ಯಾನಿಕ್ಕಿಗೆ ಭಯವಾಯಿತು. ಕೀಲಿಗೆ ತುಕ್ಕು ಹಿಡಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು. ಟಾರ್ಚನ್ನು ಕೆಳಗಿಟ್ಟು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದ. ಇಂಜಿನ್ ಸದ್ದು ತಟ್ಟನೆ ಇಳಿಯಿತು.

"ಹಾಂ! ಬಾರೇ ಇಲ್ಲಿ, ಸರಿಹೋಯ್ತು!" ಭಾವ ಸ್ಟೀರಿಂಗಿಗೆ ಕೈ ಬಡಿದು ಅಕ್ಕನನ್ನು ಕೂಗಿದರು. ಆಮೇಲೆ ಕೆಳಗೆ ಬಗ್ಗಿಯೂ ನೋಡದೆ ಖುಷಿಯಿಂದ ಕೇಳಿದರು, "ಏನು ಮಾಡಿದ್ಯೋ? ಎಲ್ಲಿತ್ತು ತೊಂದರೆ?"

ಓಡಿಬಂದ ಅಕ್ಕ ತಮ್ಮನ ಕೈಯಲ್ಲಿದ್ದ ಪಾದವನ್ನು ನೋಡಿ ನಿಂತುಬಿಟ್ಟಳು. ಅವನು ಒಂದು ಕೈಯಲ್ಲಿ ಅದನ್ನು ಹಾಗೆಯೇ ಹಿಡಿದುಕೊಂಡು, ಇನ್ನೊಂದು ಕೈ ಚಾಚಿ ಇಂಜಿನ್ ಆರಿಸಿದ. ಕಾರಿನ ಕೀ ಕಿತ್ತು ಅಕ್ಕನ ಕೈಗೆ ಕೊಟ್ಟ.