ಕಲ್ಲುಗುಪ್ಪೆಯ ಮೇಲೆ ಮೂರು ಉಂಡೆ

ಅಂಗೈ ಒದ್ದೆ ಮಾಡಿಕೊಂಡು ಕಾತ್ಯಾಯಿನಿ ಮೂರನೆಯ ಉಂಡೆ ಕಟ್ಟುತ್ತಿದ್ದಳು. ಅನ್ನಕ್ಕೆ ಕಪ್ಪು ಎಳ್ಳು ಬೆರೆಸಿದ್ದಳು. ಉಪ್ಪು ಹಾಕಿರಲಿಲ್ಲ.

"ಓನಿಗಿರಿ!" ಎಂಟು ವರ್ಷದ ಸ್ಫೂರ್ತಿ ಕಣ್ಣುಜ್ಜುತ್ತಾ ಬಂದು, ಜಪಾನಿನವರ ಅನ್ನದುಂಡೆ ಎಂದುಕೊಂಡು ಕೈ ಚಾಚಿದಳು.

"ಮುಟ್ಬೇಡ. ನಿಂದು ಡಬ್ಬೀಲಿದೆ. ಇದು ಕಾಗೆಗೆ."

"ಕಾಗೆಗೂ ಪಿಕ್ನಿಕ್ಕಾ?"

ಗಂಡ ರಮಾಕಾಂತ ನಡುಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ. ಹಾಸಿಗೆ ಮೆತ್ತಗಿದೆ, ಬೆನ್ನು ನೋಯುತ್ತದೆ ಎಂದು ವಾರದಿಂದ ಅಲ್ಲೇ.

ಅವನ ತಾಯಿ ತೀರಿಕೊಂಡು ಅಂದಿಗೆ ಹತ್ತನೆಯ ದಿನ. ಕಾತ್ಯಾಯಿನಿ ಅವನಿಗೆ ಹೇಳಿರಲಿಲ್ಲ.

ಮೈಸೂರಿನಿಂದ ಭಾವ ಪದ್ಮನಾಭ ಅವಳಿಗೆ ಫೋನು ಮಾಡಿದ್ದರು. "ಕೊರೊನಾ ಕಣಮ್ಮಾ. ಮುಖಾನೂ ಸರಿಯಾಗಿ ತೋರಿಸ್ಲಿಲ್ಲ. ರಮಾಕಾಂತಂಗೆ ಈಗ್ಲೇ ಹೇಳ್ಬೇಡ. ಸ್ಟೆಂಟ್ ಹಾಕಿ ಇನ್ನೂ ತಿಂಗಳಾಗಿಲ್ಲ. ಹೇಳಿದ್ರೂ ಬರೋಕಾಗಲ್ಲ."

ನಿಜ. 2020ರ ಆ ಆಗಸ್ಟಿನಲ್ಲಿ ಜಪಾನು ಬಿಟ್ಟು ಹೋದವರಿಗೆ ಮರಳಿ ಬರುವ ಖಾತ್ರಿಯಿರಲಿಲ್ಲ. ಸೋಮವಾರ ಡಾಕ್ಟರು ಅವನ ಎದೆ ಪರೀಕ್ಷಿಸಿ ಸರಿಯಿದೆ ಎಂದ ಮೇಲೆ ಹೇಳುವುದೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಅತ್ತೆಯ ಫೋನು ಕೆಟ್ಟಿದೆ ಎಂದಳು. "ರಿಪೇರಿಯವರೂ ಬಾಗಿಲು ಹಾಕಿರ್ತಾರೆ ಬಿಡು" ಎಂದ. ಅವನು ಸ್ನಾನಕ್ಕೆ ಹೋದಾಗ ಅವನ ಫೋನಿನಲ್ಲಿ ಮನೆಯವರ ವಾಟ್ಸ್ಯಾಪ್ ಗುಂಪನ್ನು ಅಡಗಿಸಿಟ್ಟಳು. ದೇವರ ದೀಪ ಹಚ್ಚದಿರಲು ಮುಟ್ಟಿನ ನೆಪ ಹೇಳಿದಳು. ನಾಲ್ಕು ದಿನ ಕಳೆದು ಎಂಟಾದರೂ ಅವನು ದೀಪ ಕೇಳಲಿಲ್ಲ. ಗಂಡಸರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ!

ಅಳಲು ಮಾತ್ರ ಜಾಗವಿರಲಿಲ್ಲ. ಟೋಕಿಯೊದ ಓಜಿಮಾ ಬಡಾವಣೆಯ ಆ ಮನೆಯಲ್ಲಿ ಒಂದು ಕೋಣೆ ಅವನ ಆಫೀಸು, ಇನ್ನೊಂದರಲ್ಲಿ ಸ್ಫೂರ್ತಿ. ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯುವಾಗ ಎರಡು ನಿಮಿಷ ಸಿಗುತ್ತಿತ್ತು. ಅಷ್ಟರಲ್ಲೇ ಮುಗಿಸಬೇಕಿತ್ತು.

ಏಪ್ರಿಲಿನಲ್ಲಿ ಅವಳ ಅಪ್ಪ ಹೋದಾಗ ಹೀಗಾಗಿರಲಿಲ್ಲ. ಚಿತೆಯನ್ನು ಫೋನಿನಲ್ಲಿ ನೋಡಿ ಮಲಗಿದವಳು ಎರಡು ತಿಂಗಳು ಎದ್ದಿರಲಿಲ್ಲ. ಎಬ್ಬಿಸಿದ್ದು ಅತ್ತೆ. ದಿನವೂ ಬೆಳಗ್ಗೆ ಅವರ ಫೋನು ಬರುತ್ತಿತ್ತು. "ಎದ್ದು ಕಾಫಿ ಕುಡಿಯೇ. ಆಮೇಲೆ ಎಷ್ಟು ಬೇಕಾದ್ರೂ ಅಳು, ನಾನೂ ಜೊತೆಗೆ ಅಳ್ತೀನಿ."

ಆ ಅತ್ತೆಗೆ ಅಂದು ಕಿರಿಯ ಮಗನ ಕೈಯಿಂದ ಒಂದು ತುತ್ತು ಸೇರಬೇಕಿತ್ತು. ಮಗನ ಎದೆಗೆ ಏನೂ ಆಗದ ಹಾಗೆ. ಅವಳ ಹಟ ಅಷ್ಟೇ.

ಮನೆಯ ಬಾಲ್ಕನಿಯಲ್ಲಿ ಅನ್ನ ಇಡುವಂತಿರಲಿಲ್ಲ. ಕಾಗೆ ಬರುತ್ತದೆಂದು ಕಟ್ಟಡದವರ ತಕರಾರು. ಅದಕ್ಕೇ ನಾಗಾನೋ ಕಡೆಯ ಬೆಟ್ಟ ಹುಡುಕಿದ್ದಳು. ಅಲ್ಲಿ ಕಾಡಿನ ನಡುವೆ ಬಹಳ ಹಳೆಯ ಕಾಲದವರು ಸತ್ತವರ ಮೇಲೆ ಪೇರಿಸಿದ ಕಲ್ಲುಗುಪ್ಪೆಗಳಿವೆ. ಜನ ಬರುವುದಿಲ್ಲ.

"ಉಸಿರು ಕಟ್ತಿದೆ ರೀ, ಒಂದು ದಿನ ಹೋಗಿಬರೋಣ" ಎಂದಿದ್ದಳು. ಸಮಾಧಿ ಎಂದರೆ ಮುಖ ಸಿಂಡರಿಸುವವನು ಭಾನುವಾರವೇ ಹೋಗೋಣ ಎಂದ.

ಬಾಡಿಗೆ ಕಾರನ್ನು ಅವಳೇ ನಡೆಸಿದಳು. ನಾಲ್ಕು ಗಂಟೆಯ ದಾರಿ.

"ಅಪ್ಪ ಈಗ ಕುಮಾ!" ಹಿಂದಿನ ಸೀಟಿನಿಂದ ಸ್ಫೂರ್ತಿ ಅಪ್ಪನ ಗಡ್ಡ ಎಳೆದಳು. "ಬೆಟ್ಟದಲ್ಲಿ ಬೇರೆ ಕರಡಿ ಬಂದು ಹಲೋ ಅನ್ನತ್ತೆ."

"ಶೇವ್ ಮಾಡ್ಕೋಬಾರ್ದಾ?" ಎಂದಳು ಕಾತ್ಯಾಯಿನಿ.

"ಮೀಟಿಂಗಲ್ಲಿ ಕ್ಯಾಮೆರಾ ಆಫು. ಯಾರು ನೋಡ್ಬೇಕು?"

ಬೆಟ್ಟದ ಬುಡದಲ್ಲಿ ಎಲೆ ಗುಡಿಸುತ್ತಿದ್ದ ಮುದುಕ ಟೋಕಿಯೊ ನಂಬರಿನ ಕಾರು ಕಂಡು ಮಾಸ್ಕು ಮೇಲೆಳೆದುಕೊಂಡ. ಮೂವರೂ ದೂರದಲ್ಲೇ ನಿಂತು ಬಗ್ಗಿ ನಮಸ್ಕರಿಸಿದ ಮೇಲೆ ಸಡಿಲಾದ. ಈ ಗುಪ್ಪೆಗಳಡಿ ಇರುವವರು ಕಡಲಾಚೆಯಿಂದ ಕುದುರೆಗಳ ಜೊತೆ ಬಂದವರಂತೆ, ಎಂದ. ಊರಿಗೆ ಮರಳಲಾಗದೆ, ಊರಿನ ರೀತಿಯಲ್ಲೇ ಇಲ್ಲಿ ಕಲ್ಲು ಪೇರಿಸಿದರಂತೆ. ಕಾಗೆಗೆ ಸ್ವಲ್ಪ ಅನ್ನ ಇಡಬಹುದೇ ಎಂದು ಅವಳು ಹರಕುಮುರುಕು ಜಪಾನಿಯಲ್ಲಿ ಕೇಳಿದಾಗ, ಉಳಿದದ್ದನ್ನು ಎತ್ತಿಕೊಂಡು ಹೋಗಿ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ.

ಗುಪ್ಪೆಗಳು ಪಾಚಿ ಹಿಡಿದು, ಅಲ್ಲಲ್ಲಿ ಕುಸಿದು, ಕಾಡಿನ ತುಂಬ ಹರಡಿದ್ದವು.

"ರೀ, ಆ ಚಪ್ಪಟೆ ಕಲ್ಲಿನ ಮೇಲೆ ಇದನ್ನ ಇಡ್ತೀರಾ? ಸ್ಫೂರ್ತಿಗೆ ಕಾಗೆ ನೋಡ್ಬೇಕಂತೆ."

ರಮಾಕಾಂತ ಬಾಟಲಿ ನೀರಿನಲ್ಲಿ ಕೈ ತೊಳೆದ. ಶೂ ಬಿಚ್ಚಿದ.

"ಶೂ ಯಾಕ್ರೀ?"

"ಪಾಚಿ. ಜಾರುತ್ತೆ."

ಮೂರೂ ಉಂಡೆಗಳನ್ನು ಇಟ್ಟು ಹಿಂದೆ ಸರಿದ. ದೇವದಾರು ಮರದ ಮೇಲೆ ಕಾಗೆಯೊಂದು ಬಂದು ಕೂತಿತು. ಇಳಿಯಲಿಲ್ಲ.

ಐದು ನಿಮಿಷ. ಹತ್ತು ನಿಮಿಷ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಯಾರಾದರೂ ಮಾತು ಕೊಡಬೇಕು. ಕಾತ್ಯಾಯಿನಿ ಸೆರಗಿಲ್ಲದ ಕುರ್ತಾದ ತುದಿ ಹಿಡಿದು ಮನಸ್ಸಿನಲ್ಲೇ ಹೇಳಿಕೊಂಡಳು: ಅತ್ತೆ, ಇವರನ್ನ ನಾನು ನೋಡ್ಕೋತೀನಿ. ಎಣ್ಣೆ ಕಮ್ಮಿ ಮಾಡ್ತೀನಿ. ಸ್ಫೂರ್ತಿಗೆ ಕನ್ನಡ ಓದೋಕೆ ಕಲಿಸ್ತೀನಿ.

ಕಾಗೆ ಕೊಂಬೆ ಬದಲಿಸಿತು. ಅಷ್ಟೇ.

ಅವಳು ಅಲ್ಲೇ ನೆಲಕ್ಕೆ ಕೂತಳು. "ಹೋಗಿ ಕಾರಲ್ಲಿ ಕೂತ್ಕೋ ಕಾತ್ಯಾ, ಸುಸ್ತಾಗಿದೀಯ" ಎಂದ ರಮಾಕಾಂತ. "ಕಾಗೆ ಬರತ್ತೆ. ನಾವಿಬ್ರೂ ನೋಡ್ತೀವಿ."

ಕಾರಿನ ಬಳಿ ಬಂದು ಹಿಂತಿರುಗಿ ನೋಡಿದಳು. ಕಲ್ಲಿನ ಮೇಲೆ ಕಪ್ಪಗೆ ರೆಕ್ಕೆ ಬಡಿಯುತ್ತಿತ್ತು. ಮೊದಲ ಉಂಡೆ ಎದ್ದುಹೋಯಿತು. ಅವಳು ಒಳಗೆ ಕೂತು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಮುಟ್ಟಿತು. ಸಾಕು.

ಕೆಳಗಿಳಿದ ರಮಾಕಾಂತ ಸೆಖೆ ಎನ್ನುತ್ತಾ ಅಲ್ಲೇ ಇದ್ದ ನಲ್ಲಿಗೆ ತಲೆಯೊಡ್ಡಿದ. ಸ್ಫೂರ್ತಿ ಓಡಿಬಂದು ಅಮ್ಮನ ಪಕ್ಕ ಕೂತಳು.

"ಅಮ್ಮಾ, ಅಪ್ಪ ತುಂಬಾ ಫನ್ನಿ. ಕಾಗೆ ಜೊತೆ ಮಾತಾಡಿದ್ರು. ಆಮೇಲೇ ಅದು ಬಂತು."

"ಏನಂತ?"

ಹುಡುಗಿ ಒಂದೊಂದೇ ಪದ ನೆನಪಿಸಿಕೊಂಡು ಒಪ್ಪಿಸಿದಳು: "'ಅವಳು ಮತ್ತೆ ಮಲಗದ ಹಾಗೆ ನೋಡ್ಕೋತೀನಿ, ನೀನು ಹೊರಡಮ್ಮಾ' ಅಂತ. ಕಾಗೇನ ಯಾಕಮ್ಮಾ ಅಮ್ಮ ಅಂದ್ರು?"

ರಮಾಕಾಂತ ತಲೆ ಒರೆಸಿಕೊಳ್ಳುತ್ತಾ ಬರುತ್ತಿದ್ದ. ನಾಳೆ ಡಾಕ್ಟರನ್ನು ಕಂಡ ಮೇಲೆ ಅವನೇ ಮೊದಲು ಹೇಳಲಿ, ಆಗಷ್ಟೇ ಕೇಳಿದವಳ ಹಾಗೆ ಅಳಬೇಕು ಎಂದುಕೊಂಡು ಕಾತ್ಯಾಯಿನಿ ಕಾರು ಚಾಲೂ ಮಾಡಿದಳು.