ಗೆದ್ದ ವಾದ

ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಪಠ್ಯಪುಸ್ತಕ ಒಂದನ್ನೂ ಪೂರ್ತಿ ಓದಿದವನಲ್ಲ. ಆದರೆ ತಪ್ಪು ಹುಡುಕುವ ಹಟಕ್ಕೆ ಬಿದ್ದು ಬೈಬಲ್ಲನ್ನು ಮೂರು ಸಲ ಓದಿ ಮುಗಿಸಿದ್ದೆ. ನಮ್ಮ ಗ್ಯಾರೇಜಿನಲ್ಲಿ ಲಾರಿಯ ಗಾಲಿಯನ್ನು ಒಬ್ಬನೇ ಎತ್ತಿ ಕೂರಿಸುವ ಸಮುವೇಲಣ್ಣನಿದ್ದ. ಅವನ ನಂಬಿಕೆ ಮುರಿಯುವುದೇ ಊಟದ ಹೊತ್ತಿನ ನನ್ನ ಹವ್ಯಾಸ. ಅವನು ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದ.

ಆ ದಿನ ಮಾತ್ರ ನಗಲಿಲ್ಲ.

"ನಿಮ್ಮ ದೇವರ ಸಮಾಧಿಗೆ ಹೋದ ಹೆಂಗಸರು ಬೈಬಲ್ಲಿನ ಒಂದು ಸುವಾರ್ತೆಯಾಗ ಒಬ್ಬಾಕಿ, ಇನ್ನೊಂದ್ರಾಗ ಇಬ್ರು, ಮತ್ತೊಂದ್ರಾಗ ಮೂವರು. ಯಾವ್ದು ಖರೇ, ಹೇಳು ನೋಡೋಣ?" ಎಂದು ತೊಡೆ ತಟ್ಟಿ ಕೇಳಿದೆ.

ಅವನು ಊಟದ ಡಬ್ಬಿ ಮುಚ್ಚಿದ. "ನನಗ ಗೊತ್ತಿಲ್ಲ. ನೀ ಗೆದ್ದಿ ತಮ್ಮಾ. ಹಂಗಾದ್ರ ಎಲ್ಲಾ ಸುಳ್ಳ?"

"ಒಂದೊಂದು ಅಕ್ಷರಾನೂ ಸುಳ್ಳ!" ನನ್ನ ಎದೆ ಎರಡಿಂಚು ಉಬ್ಬಿತು.

"ಕೇಡು ಮಾಡಿದವ್ರನ್ನ ಕ್ಷಮಿಸಬೇಕು ಅನ್ನೋದೂ?"

"ಅದಂತೂ ಶುದ್ಧ ಸುಳ್ಳ."

ಅವನು ಎದ್ದು ನಿಂತು ಅಂಗಿಯ ತೋಳು ಮಡಚತೊಡಗಿದ. "ಹೋದ ವರ್ಷ ನೀ ಸಿಟ್ಟಿನಾಗ ನಟ್ಟು ಬಿಚ್ಚೋ ಪಾನಾ ಒಗದು ನನ್ನ ಎರಡು ಹಲ್ಲು ಉದುರಿಸಿದ್ದಿ. ಪಾಸ್ಟರ್ ಮಾತು ಕೇಳಿ ಸುಮ್ನ ಬಿಟ್ಟಿದ್ದೆ."

ನಾನು ಗೋಡೆ ತಾಗುವವರೆಗೆ ಹಿಂದೆ ಸರಿದೆ. "ತಡಿ ಅಣ್ಣಾ, ಆ ಒಂದು ವಚನ ಮಾತ್ರ ಸಾಕ್ಷಾತ್ ದೇವರ ಬಾಯಿಂದ ಬಂದದ್ದು!"