ಅತ್ತೆಗೆ ಮುಖ ಮಾಡಿ

ವೆಂಕಟ ಇನ್ನೂ ನೂರು ಮೀಟರು ದಾಟಿದ್ದನಷ್ಟೆ, ದಡದಲ್ಲಿ ಅವನ ಅತ್ತೆ ಹೊನ್ನಮ್ಮ ಬಂದು ನಿಂತಳು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೊಡೆ. ಕಾಯ್ಕಿಣಿಯಿಂದ ಬೆಳಗಿನ ಬಸ್ಸಿಗೆ ಹೊರಟು ಹೊನ್ನಾವರದಲ್ಲಿಳಿದು, ಶರಾವತಿಯ ಆಚೆ ದಡದ ಮಗಳ ಮನೆಗೆ ಹೊರಟವಳು. ಸ್ವಂತ ಅಳಿಯನೇ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಅಂಬಿಗನಾಗಿರುವಾಗ ಬೇರೆಯವರ ದೋಣಿ ಹತ್ತುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಆದರೆ ಅವತ್ತು ಅಳಿಯ ಕೂತದ್ದು ಕಡವಿನ ದೋಣಿಯಲ್ಲಲ್ಲ, ಕುಮಟೆಯ ಕೋಚ್ ಸುಹಾಸ ಎಲ್ಲಿಂದಲೋ ತರಿಸಿದ ಪಡವಲಕಾಯಿಯಂಥ ರೇಸಿನ ದೋಣಿಯಲ್ಲಿ. ಪೋಲಿಯೋದಿಂದ ಸೋತ ಅವನ ಎರಡೂ ಕಾಲುಗಳನ್ನೂ ಸೊಂಟವನ್ನೂ ಪಟ್ಟಿ ಹಾಕಿ ಬಿಗಿದಿದ್ದರು. ಸಾವಿರ ಮೀಟರು ಆರು ನಿಮಿಷದೊಳಗೆ ಮುಗಿದರೆ ಪುಣೆಯಲ್ಲಿ ಅಂಗವಿಕಲರ ತಂಡದ ಶಿಬಿರ, ಮುಗಿಯದಿದ್ದರೆ ಮತ್ತದೇ ಕಡವು. ಹದಿನೈದು ವರ್ಷ ಹುಟ್ಟು ಹಾಕಿದವನಿಗೆ ಸಿಕ್ಕಿದ್ದು ಇದೊಂದೇ ಅವಕಾಶ. ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

ಈ ರೇಸಿನ ದೋಣಿಯ ಹಣೆಬರಹ ನೋಡಿ: ಹುಟ್ಟು ಹಾಕುವವನ ಬೆನ್ನು ಹೋಗುವ ಕಡೆಗೆ, ಮುಖ ಬಿಟ್ಟುಬಂದ ಕಡೆಗೆ. ಹೊನ್ನಮ್ಮನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಕಡವಿನಲ್ಲಿ ಅಂಬಿಗನ ಮುಖ ಎತ್ತಲೋ ದೋಣಿಯೂ ಅತ್ತಲೇ. ಅಳಿಯನ ಮುಖ ತನ್ನತ್ತ ಇದೆ, ಅಂದಮೇಲೆ ತನ್ನನ್ನು ಕರೆದೊಯ್ಯಲೇ ಬರುತ್ತಿದ್ದಾನೆ ಎಂದು ಅವಳು ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿಗಿಳಿದು ಕಾದಳು. ದೋಣಿ ಮಾತ್ರ ಸಣ್ಣದಾಗುತ್ತ ಹೋಯಿತು.

"ವೆಂಕಟಾ, ಎಂತ ಮಾಡ್ತೆ? ನಾ ಇಲ್ಲಿದ್ದೆ, ಇತ್ಲಾಗೆ ಬಾ."

ಕರೆದವರನ್ನು ದಡದಲ್ಲಿ ಬಿಟ್ಟುಹೋದ ಅಭ್ಯಾಸ ವೆಂಕಟನಿಗಿಲ್ಲ. ಅದರಲ್ಲೂ ಅತ್ತೆ. ಕೈ ತಾನಾಗಿ ಸಡಿಲವಾಯಿತು. ಪಕ್ಕದ ಮೋಟಾರು ದೋಣಿಯಲ್ಲಿ ಗಡಿಯಾರ ಹಿಡಿದು ಬರುತ್ತಿದ್ದ ಸುಹಾಸ ಹೌಹಾರಿದ.

"ಎಂತಾತು? ಎಳಿ ಮಾರಾಯ."

"ನಮ್ಮತ್ತೆ ಸರ್. ನೀರಲ್ಲಿ ನಿಂತಾರೆ."

"ಅವ್ರಿಗೆ ಈಜೂಕೆ ಬತ್ತದ್ಯಾ ಇಲ್ವಾ?"

"ಬೈಯೂಕೆ ಬತ್ತದೆ ಸರ್."

ಕೈ ಎತ್ತಿ ಸನ್ನೆ ಮಾಡೋಣವೆಂದರೆ ಎರಡೂ ಕೈಯಲ್ಲಿ ಹುಟ್ಟು. ಅತ್ತೆಯ ಕಡೆಯಿಂದ ಆಚೆ ತಿರುಗಿ ಕೂರೋಣವೆಂದರೆ ಸೊಂಟಕ್ಕೆ ಪಟ್ಟಿ. ಬಡಪಾಯಿ, ಈಗ ಬರಲಾಗುವುದಿಲ್ಲ ಎಂದು ತಲೆಯನ್ನೇ ಜೋರಾಗಿ ಅಲ್ಲಾಡಿಸಿದ. ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು.

"ತಲೆ ಬೇರೆ ಅಲ್ಲಾಡಿಸ್ತ. ನನ್ನ ಮುಖ ನೋಡಿ ಬರೂದಿಲ್ಲ ಅಂತ ಹೇಳ್ತ. ನಿನ್ನ ಮನೆ ಬಾಗಿಲು ಹೇಗಿದ್ದು ಅಂತ ಬಂದೆ ನೋಡು, ನನ್ನ ಬುದ್ಧಿಗಿಷ್ಟು."

ಕಾಯ್ಕಿಣಿಯ ಗದ್ದೆಯಲ್ಲಿ ಪಳಗಿದ ಗಂಟಲು, ಮೇಲಾಗಿ ನೀರಿನ ಮೇಲೆ ಸದ್ದು ಹರಿದು ಬರುವುದು ಹೆಚ್ಚು. ಮುನ್ನೂರು ಮೀಟರಿಗೆ ವೆಂಕಟನ ಅಪ್ಪ ಬೈಸಿಕೊಂಡ, ಐನೂರಕ್ಕೆ ಅಜ್ಜ. ಮದುವೆಯಲ್ಲಿ ಬಡಿಸಿದ ತೊವ್ವೆ ನೀರಾಗಿತ್ತೆಂಬುದು ಆರುನೂರಕ್ಕೆ ಬಂತು. ಎಳೆದೆಳೆದು ಹುಟ್ಟು ಹಾಕದೆ ಆ ಬಾಯಿಯಿಂದ ತಪ್ಪಿಸಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ. ಭುಜ ಉರಿಯಿತು, ಕಣ್ಣು ಕತ್ತಲೆ ಬಂತು, ಹೊನ್ನಮ್ಮ ಒಂದು ಚುಕ್ಕೆಯಾದಳು. ಚುಕ್ಕೆಯಾದ ಮೇಲೂ ಕೇಳಿಸುತ್ತಲೇ ಇದ್ದಳು.

ಐದು ನಿಮಿಷ ಐವತ್ತೆಂಟು ಸೆಕೆಂಡು. ಸುಹಾಸ ಕುಣಿದ ಕುಣಿತಕ್ಕೆ ಮೋಟಾರು ದೋಣಿ ಮಗುಚುವುದೊಂದು ಬಾಕಿ. ವೆಂಕಟನಿಗೆ ಸಂತೋಷಕ್ಕೆ ಅಳು ಬಂತು, ಹಿಂದೆಯೇ ಅತ್ತೆಯ ನೆನಪಾಗಿ ಹೆದರಿಕೆಯೂ ಬಂತು.

ಮೋಟಾರು ದೋಣಿಯಲ್ಲಿ ವಾಪಸಾದಾಗ ಹೊನ್ನಮ್ಮ ನದಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತಿದ್ದಳು. ಸುಹಾಸನೇ ಕೈ ಮುಗಿದ.

"ಅಮ್ಮಾ, ಈ ದೋಣಿ ಹೋಗುದೇ ಹಿಮ್ಮುಖ. ನಿಮ್ಮಳಿಯ ಗೆದ್ದ. ಇನ್ನು ಆರು ತಿಂಗಳು ಪುಣೆ. ಆಮೇಲೆ ಪರದೇಶಕ್ಕೂ ಹೋಗ್ಬಹುದು."

"ಪರದೇಶ," ಎಂದಳು ಹೊನ್ನಮ್ಮ. ಅಳಿಯನನ್ನು ತಲೆಯಿಂದ ಕಾಲಿನ ತನಕ ಒಮ್ಮೆ, ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿದಳು. ಆಮೇಲೆ ಸುಹಾಸನ ಕಡೆ ತಿರುಗಿದಳು.

"ನನ್ನ ಗಂಡ ಎರಡು ಕಾಲಿದ್ದವ, ಮನೆ ಬಿಟ್ಟು ಓಡಿಹೋದ. ಅದಕ್ಕೇ ಊರೆಲ್ಲ ಸುತ್ತಿ ಕಾಲು ಬರದ ಅಳಿಯನ್ನ ಹುಡುಕಿ ಮಗಳ್ನ ಕೊಟ್ಟೆ, ಇವ ಎಲ್ಲಿಗೂ ಹೋಗೂದಿಲ್ಲ ಅಂತ. ಅವನಾದ್ರೂ ಹೋಗುವಾಗ ಮುಖ ತಪ್ಪಿಸಿದ್ದ."